ನಾಯಕ ಸತ್ತರೆ ಪಡೆ ಸಾಯುತ್ತಾ?

2025ರ ನವೆಂಬರ್ 18ರಂದು ಆಂಧ್ರದ ಮಾರೇಡುಮಿಲ್ಲಿ ಕಾಡಿನಲ್ಲಿ ಮಾವೋವಾದಿ ಕಮಾಂಡರ್ ಹಿಡ್ಮಾ ಎನ್‌ಕೌಂಟರ್‌ನಲ್ಲಿ ಸತ್ತ. ಸುದ್ದಿ ಬಂದ ಸ್ವಲ್ಪ ಹೊತ್ತಿಗೇ ಟಿವಿ ಪರದೆಗಳ ಕೆಳಗೆ ನಕ್ಸಲರ ಬೆನ್ನೆಲುಬು ಮುರಿದ ಸುದ್ದಿ ಓಡತೊಡಗಿತು. ಈ ಬೆನ್ನೆಲುಬು ನಮ್ಮ ಟಿವಿಗಳಲ್ಲಿ ಇದುವರೆಗೆ ಎಷ್ಟು ಸಲ ಮುರಿದಿದೆ ಅಂತ ಲೆಕ್ಕ ಇಟ್ಟವರಿಲ್ಲ. ಇದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, ಅದೇ ನವೆಂಬರ್ 18ಕ್ಕೆ, ನಮ್ಮದೇ ಹೆಬ್ರಿ ಬಳಿಯ ಪೀತಬೈಲಿನಲ್ಲಿ ವಿಕ್ರಂ ಗೌಡ ಸತ್ತಿದ್ದ. ಅವತ್ತೂ ಮುರಿದಿತ್ತು.

ಇಂಥ ಪ್ರತಿ ಸುದ್ದಿಯ ನಂತರ ನನಗೆ ಊರ ಕಡೆಯಿಂದ ಬರುವ ಪ್ರಶ್ನೆ ಒಂದೇ: “ಹೌದಲ್ರೀ, ನಾಯಕನ್ನ ಹೊಡೆದ್ರೆ ಸಂಘಟನೆ ಮುಗೀತದೇನು?” ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಬೇಕು ಎಂಬುದು ಕೇಳುವವರ ಆಸೆ. ಸ್ಟುಡಿಯೋ ಚರ್ಚೆಗಳಲ್ಲಿ ಹಾಗೆ ಹೇಳುವವರು ಸಿಗುತ್ತಾರೆ ಕೂಡ. ಒಬ್ಬರು ತಲೆ ಹೋದ ಮೇಲೆ ದೇಹ ಎಲ್ಲಿಯದು ಅಂತಾರೆ, ಇನ್ನೊಬ್ಬರು ಒಬ್ಬನನ್ನು ಕೊಂದರೆ ಹತ್ತು ಜನ ಹುಟ್ಟುತ್ತಾರೆ ಅಂತಾರೆ. ಎರಡೂ ಮಾತಿಗೆ ಉದಾಹರಣೆ ಬೇಕಿದ್ದರೆ ದೂರದ ಅಫ್ಘಾನಿಸ್ತಾನಕ್ಕೆ ಹೋಗಬೇಕಾಗಿಲ್ಲ. ನಾಲ್ಕು ತಿಂಗಳೂ ಅಂತರವಿಲ್ಲದ ಎರಡು ಸಾವುಗಳು ಕನ್ನಡಿಗರ ಮನೆ ಅಂಗಳದಲ್ಲೇ ಇವೆ.

ಮೊದಲನೆಯದು ವೀರಪ್ಪನ್‌ದು. 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಹತ್ತಿರ, ಆಂಬುಲೆನ್ಸ್ ವೇಷದ ಗಾಡಿಯಲ್ಲಿ. ತಮಿಳುನಾಡಿನ ವಿಶೇಷ ಕಾರ್ಯಪಡೆಯ ಬಲೆಗೆ ಬಿದ್ದವರು ಅವನೂ ಅವನ ಮೂವರು ಸಹಚರರೂ. ಅಲ್ಲಿಗೆ ಕಥೆ ಮುಗಿಯಿತು. ಮಲೆ ಮಹದೇಶ್ವರ ಬೆಟ್ಟದ ಸುತ್ತ ‘ಎರಡನೇ ವೀರಪ್ಪನ್’ ಹುಟ್ಟಲಿಲ್ಲ. ಡಾ. ರಾಜ್‌ಕುಮಾರ್ ಅವರನ್ನು ನೂರೆಂಟು ದಿನ ಹಿಡಿದಿಟ್ಟುಕೊಂಡು ಎರಡು ಸರ್ಕಾರಗಳ ನಿದ್ದೆಗೆಡಿಸಿದ ಗುಂಪು ಒಂದೇ ರಾತ್ರಿಯಲ್ಲಿ ಅಳಿಸಿಹೋಯಿತು.

ಎರಡನೆಯದು ಸಾಕೇತ್ ರಾಜನ್‌ದು. 2005ರ ಫೆಬ್ರವರಿ 6, ಚಿಕ್ಕಮಗಳೂರು ಜಿಲ್ಲೆಯ ಬಲಿಗೆ ಬಳಿಯ ಕಾಡು. ಮೈಸೂರಿನ ಹುಡುಗ, ದೆಹಲಿಯಲ್ಲಿ ಪತ್ರಿಕೋದ್ಯಮ ಓದಿದವನು, ಸಾಕಿ ಎಂಬ ಹೆಸರಲ್ಲಿ ಕರ್ನಾಟಕದ ಚರಿತ್ರೆ ಬರೆದವನು, ಕಾಡಿನಲ್ಲಿ ಪ್ರೇಮ್ ಅಂತ ಕರೆಸಿಕೊಂಡವನು. ರಾಜ್ಯದ ಮಾವೋವಾದಿಗಳ ದೊಡ್ಡ ತಲೆ ಅವನೇ. ಅವನ ಜೊತೆ ಶಿವಲಿಂಗು ಎಂಬ ಯುವಕನೂ ಸತ್ತ. ತಲೆ ಹೋಯಿತು, ಇನ್ನು ಮಲೆನಾಡು ನೆಮ್ಮದಿಯಾಗಿರುತ್ತೆ ಎಂದುಕೊಂಡವರು ಬಹಳ ಮಂದಿ.

ಒಂದು ವಾರವೂ ಕಳೆಯಲಿಲ್ಲ. ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ತುಕಡಿಯ ಮೇಲೆ ರಾತ್ರಿ ಹೊತ್ತು ದೊಡ್ಡ ಗುಂಪು ಮುಗಿಬಿತ್ತು. ಮಲಗಿದ್ದ ಪೊಲೀಸರು ಬಂದೂಕು ಎತ್ತಿಕೊಳ್ಳುವಷ್ಟರಲ್ಲಿ ಹೆಣವಾಗಿದ್ದರು. ಸತ್ತವರು ಸಾಕೇತ್ ರಾಜನ್‌ನ ಮುಖ ನೋಡಿದವರಲ್ಲ, ಬಲಿಗೆ ಕಾಡಿಗೆ ಕಾಲಿಟ್ಟವರಲ್ಲ. ಸಂಬಳಕ್ಕೆ ಖಾಕಿ ಹಾಕಿ ಬಯಲು ಸೀಮೆಯ ಒಂದು ಹಳ್ಳಿಯಲ್ಲಿ ಡ್ಯೂಟಿಗಿದ್ದ ಹುಡುಗರು.

ಇಲ್ಲಿ ಸ್ವಲ್ಪ ನಿಂತು ನಕ್ಷೆ ನೋಡಿ. ಕುದುರೆಮುಖದ ಮಳೆಕಾಡು ಎಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ಪಾವಗಡದ ಬಂಡೆ ಬಯಲು ಎಲ್ಲಿ! ಸತ್ತ ನಾಯಕ ಪಶ್ಚಿಮಘಟ್ಟದಲ್ಲಿ, ಸೇಡು ತೀರಿದ್ದು ಪೂರ್ವದ ಗಡಿಯಲ್ಲಿ. ಅದಕ್ಕೆ ಕಾರಣ ಹಿಂದಿನ ವರ್ಷ, ಅಂದರೆ 2004ರ ಸೆಪ್ಟೆಂಬರ್‌ನಲ್ಲಿ, ಪೀಪಲ್ಸ್ ವಾರ್ ಮತ್ತು ಎಂಸಿಸಿ ಒಂದಾಗಿ ಸಿಪಿಐ (ಮಾವೋವಾದಿ) ಪಕ್ಷ ಹುಟ್ಟಿದ್ದು. ಇಡೀ ಪಟ್ಟಿಯಲ್ಲಿ ಅವರಿಗೆ ಸಮಿತಿಗಳಿದ್ದವು, ಬಂದೂಕಿತ್ತು, ಒಬ್ಬ ಕಾರ್ಯದರ್ಶಿ ಸತ್ತರೆ ಮುಂದಿನವನು ಯಾರು ಎಂಬ ಪದ್ಧತಿಯಿತ್ತು. ವೀರಪ್ಪನ್‌ಗೆ ಮೀಸೆ ಇತ್ತು, ಸಮಿತಿ ಇರಲಿಲ್ಲ.

ಎಂಜಿನಿಯರಿಂಗ್ ಓದಿದವನಿಗೆ ಇದು ಬೇಗ ತಲೆಗೆ ಹೋಗುತ್ತೆ. ಊರಿಗೆಲ್ಲ ಒಂದೇ ಟಿಸಿ ಇದ್ದರೆ ಅದು ಸುಟ್ಟ ದಿನ ಊರೇ ಕತ್ತಲು. ಇನ್ನೊಂದು ಕಡೆಯಿಂದ ಲೈನ್ ಎಳೆದಿಟ್ಟಿದ್ದರೆ ಲೈನ್‌ಮನ್ ಬಂದು ಬದಲಾಯಿಸಿಕೊಟ್ಟು ಹೋಗ್ತಾನೆ, ಅರ್ಧ ಗಂಟೆಯಲ್ಲಿ ಮಿಕ್ಸಿ ತಿರುಗುತ್ತೆ. ನಾಯಕನನ್ನು ಕೊಲ್ಲುವುದು ಟಿಸಿ ಸುಡುವ ಕೆಲಸ. ಊರು ಕತ್ತಲಾಗುತ್ತೋ ಇಲ್ಲವೋ ಎಂಬುದು ಟಿಸಿ ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿಲ್ಲ, ಬೇರೆ ಲೈನ್ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ನಮ್ಮ ಹರಪನಹಳ್ಳಿಯವರಿಗೆ ಈ ಪಾಠ ಪಾಳೆಯಗಾರರ ಕಾಲದ್ದು. 1748ರಲ್ಲಿ ಮಾಯಕೊಂಡದ ಕಾಳಗ ನಡೆಯಿತು. ಒಂದು ಕಡೆ ಚಿತ್ರದುರ್ಗ, ಇನ್ನೊಂದು ಕಡೆ ಬಿದನೂರು, ರಾಯದುರ್ಗ, ಸವಣೂರು ಮತ್ತು ಹರಪನಹಳ್ಳಿ. ಆ ಯುದ್ಧದಲ್ಲಿ ಹಿರಿ ಮದಕರಿ ನಾಯಕನನ್ನು ಕೊಂದವನು ನಮ್ಮ ಹರಪನಹಳ್ಳಿಯ ಸೋಮಶೇಖರ ನಾಯಕ. ನಮ್ಮೂರಿಗೆ ಅದು ದೊಡ್ಡ ಗೆಲುವು. ಆದರೆ ದುರ್ಗ ಬಿತ್ತಾ? ಇಲ್ಲ. ಕಸ್ತೂರಿ ರಂಗಪ್ಪ ನಾಯಕ ಪಟ್ಟಕ್ಕೆ ಬಂದ, ಮಾಯಕೊಂಡವನ್ನು ಮತ್ತೆ ವಶ ಮಾಡಿಕೊಂಡ. ಕೋಟೆ ಹೈದರಾಲಿಯ ಕೈಗೆ ಹೋಗಿದ್ದು 1779ರಲ್ಲಿ, ಆ ಸಾವಿನ ಮೂವತ್ತೊಂದು ವರ್ಷದ ಮೇಲೆ. ಪಾಳೆಯಗಾರರನ್ನು ಭಯೋತ್ಪಾದಕರ ಸಾಲಿಗೆ ಸೇರಿಸಿದೆ ಅಂತ ಯಾರೂ ಪತ್ರ ಬರೆಯಬೇಡಿ. ಪಟ್ಟ ಏರಲು ಆಳಿರುವವರೆಗೆ, ಕಣಜದಲ್ಲಿ ಕಾಳಿರುವವರೆಗೆ ನಾಯಕನ ಸಾವು ಒಂದು ಕಾಳಗದ ಸೋಲು ಮಾತ್ರ. ಇಷ್ಟೇ ನನ್ನ ಮಾತು.

ಮತ್ತೆ ಮಲೆನಾಡಿಗೆ ಬರೋಣ. ಅಲ್ಲಿ ಕಣಜ ತುಂಬಿದ್ದು ಹೇಗೆ? ಕುದುರೆಮುಖ ರಾಷ್ಟ್ರೀಯ ಉದ್ಯಾನ. ತಲೆಮಾರುಗಳಿಂದ ಕಾಡಿನೊಳಗೆ ಬದುಕಿದ್ದ ಮಲೆಕುಡಿಯರು, ಗೌಡಲು ಜನ ಒಂದು ಬೆಳಗ್ಗೆ ಎದ್ದು ನೋಡಿದರೆ ಅವರ ಮನೆಯೇ ಅತಿಕ್ರಮಣ. ಅದೇ ಬೆಟ್ಟದಲ್ಲಿ ದೊಡ್ಡ ಯಂತ್ರಗಳು ಕಬ್ಬಿಣದ ಅದಿರು ಅಗೆಯುತ್ತಿದ್ದವು, ಸೌದೆ ತಂದವನ ಮೇಲೆ ಕೇಸು ಬೀಳುತ್ತಿತ್ತು. ಈ ಸಿಟ್ಟಿನ ಮೇಲೆ ನಕ್ಸಲರು ಬಂದು ಕೂತರು. ಸಿಟ್ಟು ಅವರು ತಂದದ್ದಲ್ಲ, ಬಂದೂಕು ಅವರು ತಂದದ್ದು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದು ಗ್ರಾಮದಲ್ಲಿ ಹಾಜಿಮಾ ಮತ್ತು ಪಾರ್ವತಿ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. ಅಲ್ಲಿಂದ ರಕ್ತದ ಲೆಕ್ಕ ಶುರು.

ಸಾಕೇತ್ ರಾಜನ್ ಸತ್ತ ಮೇಲೆ ಆ ಲೆಕ್ಕ ನಿಲ್ಲಲಿಲ್ಲ. 2005ರಲ್ಲೇ ದೇವರಬಾಳು, 2007ರ ಜುಲೈನಲ್ಲಿ ಮೆಣಸಿನಹಾಡ್ಯ, 2008ರ ನವೆಂಬರ್‌ನಲ್ಲಿ ಹೊರನಾಡು ಕಡೆ, ಹೀಗೆ ಎನ್‌ಕೌಂಟರ್‌ಗಳು. ಪೊಲೀಸ್ ಮಾಹಿತಿದಾರರು ಎಂಬ ಅನುಮಾನದ ಮೇಲೆ ನಕ್ಸಲರು ಬಡ ಹಳ್ಳಿಗರನ್ನು ಕೊಂದರು. ಯಾರ ಪರವಾಗಿ ಬಂದೂಕು ಹಿಡಿದಿದ್ದೇವೆ ಅಂತ ಹೇಳಿದ್ದರೋ ಆ ಜನರಲ್ಲೇ ಒಬ್ಬ ಮಲೆಕುಡಿಯನನ್ನು 2011ರಲ್ಲಿ ಕೊಂದದ್ದೂ ಇದೆ. ಸಂಜೆ ಪೊಲೀಸರು, ರಾತ್ರಿ ನಕ್ಸಲರು ಬಾಗಿಲು ಬಡಿಯುವ ಮನೆಗಳಲ್ಲಿ ಮಕ್ಕಳನ್ನು ಬೆಳೆಸಿದ ತಾಯಂದಿರು ಆ ಕಾಡಂಚಿನಲ್ಲಿದ್ದಾರೆ. ನಾಯಕ ಸತ್ತ ಮೇಲೆ ಹೀಗೆ ಕಳೆದದ್ದು ಒಂದೆರಡು ವರ್ಷವಲ್ಲ, ಇಪ್ಪತ್ತು ವರ್ಷ.

ಇನ್ನೊಂದು ವಿಷಯ ನಾವು ಟಿವಿಯವರು ಮಾತಾಡುವುದು ಕಡಿಮೆ. ನಾಯಕ ‘ಹೊಡಿ’ ಅಂತ ಹೇಳಬಲ್ಲವನು ಹೌದು. ‘ನಿಲ್ಲಿಸು’ ಅಂತ ಹೇಳಿದರೆ ನಾಲ್ಕು ಜನ ಕೇಳುವುದೂ ಅವನ ಮಾತನ್ನೇ. ಗೌರಿ ಲಂಕೇಶ್ ಸೇರಿದಂತೆ ಕೆಲವು ಪತ್ರಕರ್ತರು 2004ರಲ್ಲಿ ಕಾಡಿಗೆ ಹೋಗಿ ಸಾಕೇತ್ ರಾಜನ್ ಜೊತೆ ಮಾತಾಡಿ ಬಂದಿದ್ದರು. ಶಾಂತಿ ಮಾತುಕತೆ ಆಗಲಿ ಎಂದು ನಾಡಿನ ಹಿರಿಯರು ಕೇಳುತ್ತಿದ್ದ ಕಾಲ ಅದು. ಆ ಮಾತುಕತೆ ಫಲ ಕೊಡುತ್ತಿತ್ತು ಅಂತ ನಾನು ಪ್ರಮಾಣ ಮಾಡಲಾರೆ. ಆದರೆ ಬಲಿಗೆಯಲ್ಲಿ ಗುಂಡು ಹಾರಿದ ಮೇಲೆ ಮಾತಾಡಲು ಆ ಕಡೆ ಆ ತೂಕದ ಮನುಷ್ಯ ಇರಲಿಲ್ಲ.

ಪೆರು ದೇಶದಲ್ಲಿ ಇದೇ ಕಥೆ ಬೇರೆ ದಾರಿ ಹಿಡಿಯಿತು. ಅಲ್ಲಿನ ‘ಶೈನಿಂಗ್ ಪಾತ್’ ಕೂಡ ಮಾವೋ ಹೆಸರು ಹೇಳಿಕೊಂಡೇ ಸಾವಿರಾರು ಜನರ ಜೀವ ತೆಗೆದ ಪಡೆ. 1992ರ ಸೆಪ್ಟೆಂಬರ್ 12ರಂದು ಅದರ ನಾಯಕ ಅಬಿಮೇಲ್ ಗುಸ್ಮಾನ್ ರಾಜಧಾನಿ ಲಿಮಾದ ಒಂದು ಮನೆಯಲ್ಲಿ ಜೀವಂತ ಸಿಕ್ಕಿಬಿದ್ದ. ಪಟ್ಟೆ ಬಟ್ಟೆ ಹಾಕಿಸಿ, ಬೋನಿನಲ್ಲಿ ನಿಲ್ಲಿಸಿ ಟಿವಿಯಲ್ಲಿ ತೋರಿಸಿದರು. ಮರುವರ್ಷ ಅವನು ಜೈಲಿನಿಂದಲೇ ಸರ್ಕಾರದ ಜೊತೆ ಶಾಂತಿ ಮಾತುಕತೆಗೆ ಕರೆ ಕೊಟ್ಟ. ಪಡೆ ಇಬ್ಭಾಗವಾಯಿತು. ನಂಬಿದ ದೇವರೇ ಪೂಜೆ ಬೇಡ ಅಂದರೆ ಭಕ್ತ ಏನು ಮಾಡ್ಬೇಕು? ಸತ್ತಿದ್ದರೆ ಅವನು ಹುತಾತ್ಮ. ಬದುಕಿದ್ದ, ಅದಕ್ಕೇ ಸಂಘಟನೆ ಸೊರಗಿತು.

ನಮ್ಮ ಭಟ್ಕಳದ ಉದಾಹರಣೆಯನ್ನೂ ಇದರ ಪಕ್ಕ ಇಡಬಹುದು. ಇಂಡಿಯನ್ ಮುಜಾಹಿದೀನ್ ಜಾಲದ ಯಾಸಿನ್ ಭಟ್ಕಳ್ 2013ರ ಆಗಸ್ಟ್‌ನಲ್ಲಿ ನೇಪಾಳ ಗಡಿಯಲ್ಲಿ ಸಿಕ್ಕಿದ, ಗುಂಡು ಹಾರಲಿಲ್ಲ. ಮುಂದಿನ ಮಾರ್ಚ್ ಹೊತ್ತಿಗೆ ತೆಹ್ಸೀನ್ ಅಖ್ತರ್, ವಕಾಸ್ ಎಂಬ ಉಳಿದ ಪ್ರಮುಖರೂ ಒಬ್ಬರ ಹಿಂದೊಬ್ಬರು ಒಳಗೆ ಹೋದರು. ಹೈದರಾಬಾದಿನ ದಿಲ್‌ಸುಖ್‌ನಗರ ಸ್ಫೋಟಕ್ಕೆ 2016ರಲ್ಲಿ ಎನ್‌ಐಎ ಕೋರ್ಟು ಅವರಿಗೆಲ್ಲ ಗಲ್ಲು ವಿಧಿಸಿತು. ಹೆಣ ಯಾರ ಹೆಸರನ್ನೂ ಹೇಳೋದಿಲ್ಲ. ಜೀವಂತ ಮನುಷ್ಯ, ಅವನ ಫೋನು, ಅವನು ಬಾಡಿಗೆಗಿದ್ದ ಮನೆ, ಎಲ್ಲವೂ ಸುಳಿವು ಕೊಡುತ್ತವೆ.

ಕೊಂದದ್ದೇ ತಿರುಗುಬಾಣವಾದ ದೊಡ್ಡ ಉದಾಹರಣೆ ಇರಾಕ್. ಅಲ್-ಖೈದಾದ ಇರಾಕ್ ಶಾಖೆಯ ಜರ್ಕಾವಿಯನ್ನು ಅಮೆರಿಕ 2006ರ ಜೂನ್‌ನಲ್ಲಿ ಬಾಂಬ್ ಹಾಕಿ ಕೊಂದಿತು. ಹಿಂಸೆ ಇಳಿಯಲಿಲ್ಲ. ಆಮೇಲೆ ಇಳಿದದ್ದು ಅಲ್ಲಿನ ಸುನ್ನಿ ಬುಡಕಟ್ಟಿನವರೇ ಇವರ ಕಾಟಕ್ಕೆ ಬೇಸತ್ತು ತಿರುಗಿಬಿದ್ದಾಗ. 2010ರ ಏಪ್ರಿಲ್‌ನಲ್ಲಿ ಅದರ ಮುಂದಿನ ಇಬ್ಬರು ನಾಯಕರನ್ನೂ ಒಂದೇ ದಾಳಿಯಲ್ಲಿ ಮುಗಿಸಿದರು. ಆ ಖಾಲಿ ಕುರ್ಚಿಗೆ ಬಂದು ಕೂತವನ ಹೆಸರು ಅಬು ಬಕರ್ ಅಲ್-ಬಗ್ದಾದಿ. ನಾಲ್ಕು ವರ್ಷದಲ್ಲಿ ಐಸಿಸ್ ಮೊಸುಲ್ ನಗರವನ್ನೇ ನುಂಗಿತ್ತು. ಕುರ್ಚಿ ಖಾಲಿ ಮಾಡುವುದು ನಮ್ಮ ಕೈಯಲ್ಲಿದೆ, ಅದರಲ್ಲಿ ಯಾರು ಕೂರುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ.

ಇದನ್ನು ಅಂಕಿ ಅಂಶದಲ್ಲಿ ಹುಡುಕಿದವರೂ ಇದ್ದಾರೆ. ಜೆನ್ನಾ ಜೋರ್ಡನ್ ಎಂಬ ಅಮೆರಿಕದ ಸಂಶೋಧಕಿ ನಾಯಕರನ್ನು ಕೊಂದ ಅಥವಾ ಹಿಡಿದ 298 ಪ್ರಕರಣ ನೋಡಿ, ಹಳೆಯ, ದೊಡ್ಡ, ಧರ್ಮದ ಹೆಸರಿನ ಗುಂಪುಗಳು ಈ ಪೆಟ್ಟನ್ನು ತಾಳಿಕೊಳ್ಳುತ್ತವೆ ಅಂದರು. ಬ್ರಯಾನ್ ಪ್ರೈಸ್ ಎಂಬವರು 207 ಗುಂಪುಗಳನ್ನು ನೋಡಿ, ನಾಯಕ ಹೋದ ಗುಂಪು ಬೇಗ ಸಾಯುತ್ತೆ, ಗುಂಪಿಗೆ ವಯಸ್ಸಾದಷ್ಟೂ ಆ ಪರಿಣಾಮ ಕಡಿಮೆ ಅಂದರು. ಇವರಿಬ್ಬರ ಜಗಳ ಮುಗಿದಿಲ್ಲ. ನನಗೆ ಹೆಚ್ಚು ಉಪಯೋಗ ಅನಿಸಿದ್ದು ರ‍್ಯಾಂಡ್ ಸಂಸ್ಥೆಯ 2008ರ ಲೆಕ್ಕ. 1968ರಿಂದ 2006ರವರೆಗಿನ 648 ಗುಂಪುಗಳನ್ನು ಅವರು ನೋಡಿದರು. ಕೊನೆಗೊಂಡ ಗುಂಪುಗಳಲ್ಲಿ ಶೇ 43 ರಾಜಕೀಯದ ದಾರಿಗೆ ಬಂದು ಮುಗಿದವು. ಶೇ 40 ಪೊಲೀಸ್ ಮತ್ತು ಗುಪ್ತಚರ ಕೆಲಸದಿಂದ ಮುಗಿದವು. ಸೈನ್ಯದ ಬಲದಿಂದ ಮುಗಿದದ್ದು ಶೇ 7. ಠಾಣೆಯಲ್ಲಿ ಕೂತು ಫೈಲ್ ನೋಡುವ ಇನ್‌ಸ್ಪೆಕ್ಟರ್ ಕೆಲಸ ಕ್ಯಾಮೆರಾಗೆ ಚೆನ್ನಾಗಿ ಕಾಣಲ್ಲ, ಏನು ಮಾಡೋದು.

ಹಾಗಾದರೆ ವಿಕ್ರಂ ಗೌಡ ಸತ್ತ ಮೇಲೆ ಆಗಿದ್ದೇನು? 2005ಕ್ಕೆ ಪೂರ್ತಿ ಉಲ್ಟಾ. ಪಾವಗಡದಂಥ ಸೇಡು ಬರಲಿಲ್ಲ. 51ನೇ ದಿನ, 2025ರ ಜನವರಿ 8ಕ್ಕೆ, ಮುಂಡಗಾರು ಲತಾ, ಸುಂದರಿ ಕುತ್ಲೂರು, ವನಜಾಕ್ಷಿ ಬಾಳೆಹೊಳೆ, ಮಾರೆಪ್ಪ ಅರೋಲಿ, ತಮಿಳುನಾಡಿನ ವಸಂತ್, ಕೇರಳದ ಜಿಶಾ, ಈ ಆರು ಜನ ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದರು. ಫೆಬ್ರವರಿ ಮೊದಲ ವಾರದಲ್ಲಿ ಕೋಟೆಹೊಂಡ ರವೀಂದ್ರ ಮತ್ತು ತೊಂಬಟ್ಟು ಲಕ್ಷ್ಮಿಯೂ ಬಂದರು. ಅಲ್ಲಿಗೆ ಕರ್ನಾಟಕ ನಕ್ಸಲ್ ಮುಕ್ತ ಅಂತ ಸರ್ಕಾರ ಘೋಷಿಸಿತು.

ಹಾಗಾದರೆ ಗುಂಡೇ ಕೆಲಸ ಮಾಡಿತು ಅಲ್ವಾ ಎಂದು ಕೇಳುವವರಿಗೆ ನಾನು ಹೇಳುವುದು: ಎರಡೂ ಸಲ ಗುಂಡು ಒಂದೇ, ಕಾಡು ಬೇರೆಯಾಗಿತ್ತು. 2005ರ ಕೊನೆಯ ದಿನಕ್ಕೆ ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತುಹೋಯಿತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಜಾರಿಯಲ್ಲಿ ನೂರೆಂಟು ಕೊರತೆ ಇದ್ದರೂ, ಅರ್ಜಿ ಹಾಕಲು ಒಂದು ಕಿಟಕಿ ಆಯಿತು. ಕಾಡಂಚಿನ ಹುಡುಗರು ಮಂಗಳೂರು, ಬೆಂಗಳೂರು ಬಸ್ ಹತ್ತಿದರು. ದಳಕ್ಕೆ ಹೊಸಬರು ಸೇರುವುದು ನಿಂತಿತು, ಇದ್ದವರಿಗೆ ವಯಸ್ಸಾಯಿತು. ನಂತರ ಅವರು ಆಶ್ರಯ ಹುಡುಕಿಕೊಂಡು ಹೋದದ್ದು ಕೇರಳದ ಕಡೆ. ಅಲ್ಲಿ 2021ರ ನವೆಂಬರ್‌ನಲ್ಲಿ ಬಿ.ಜಿ. ಕೃಷ್ಣಮೂರ್ತಿ ಮತ್ತು ಸಾವಿತ್ರಿ ಪೊಲೀಸರಿಗೆ ಸಿಕ್ಕರು. 2023, 24ರಲ್ಲಿ ಇನ್ನಷ್ಟು ಜನ ಸಿಕ್ಕರು. ಉಳಿದವರು ತಿರುಗಿ ಕರ್ನಾಟಕಕ್ಕೇ ಬಂದಾಗ ಅವರ ಸಂಖ್ಯೆ ಎರಡು ಕೈಯ ಬೆರಳಿಗೆ ಇಳಿದಿತ್ತು. ಪೊಲೀಸರು ಹೇಳುವ ಪ್ರಕಾರ ವಿಕ್ರಂ ಗೌಡ ಸತ್ತದ್ದು ದಿನಸಿಗೆ ಬಂದಾಗ. ಅಕ್ಕಿ ಬೇಳೆಗೆ ನಾಯಕನೇ ಬರಬೇಕಾದ ಪಡೆಯನ್ನು ಪಡೆ ಅಂತ ಕರೆಯೋದು ಹೇಗೆ?

ವೀರಪ್ಪನ್ ಕಡೆ ಮತ್ತೆ ನೋಡಿ. ಅವನ ಗುಂಪು ಒಂದೇ ರಾತ್ರಿಯಲ್ಲಿ ಮುಗಿಯಿತು ಅಂದೆನಲ್ಲ, ಆ ರಾತ್ರಿ ಬರುವ ಹೊತ್ತಿಗೆ ಗುಂಪಿನಲ್ಲಿ ಉಳಿದವರು ನಾಲ್ಕೇ ಜನ. ಹತ್ತು ಹದಿನೈದು ವರ್ಷದ ಬಂಧನ, ಶರಣಾಗತಿ, ಮುತ್ತಿಗೆ ಅದನ್ನು ಅಷ್ಟಕ್ಕೆ ಇಳಿಸಿದ್ದವು. ನಾಯಕನ ಸಾವಿನಿಂದ ಸಂಘಟನೆ ಮುಗಿಯಿತು ಅಂತ ನಾವು ಹೇಳುವ ಕಡೆಗಳಲ್ಲೆಲ್ಲ ಸ್ವಲ್ಪ ಹಿಂದೆ ಹೋಗಿ ನೋಡಿದರೆ, ಸಂಘಟನೆ ಮೊದಲೇ ಬಹುಪಾಲು ಮುಗಿದಿರುತ್ತೆ. ಕೂಡ್ಲಿಗಿ, ಕೊಟ್ಟೂರು ಕಡೆ ಬಳ್ಳಾರಿ ಜಾಲಿ ಕಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಕಡಿದರೆ ಒಂದು ಕೊಂಬೆಯ ಜಾಗದಲ್ಲಿ ನಾಲ್ಕು ಚಿಗುರುತ್ತೆ, ಬುಡ ಕಿತ್ತವನ ಹೊಲ ಮಾತ್ರ ಉಳುಮೆಗೆ ಬರುತ್ತೆ.

ಬಾಗಿಲಿನ ಮಾತೂ ಇದೆ. ಸಾಕೇತ್ ರಾಜನ್ ಸತ್ತಾಗ ಕಾಡಿನಲ್ಲಿದ್ದವರಿಗೆ ಹೊರಗೆ ಬರುವ ನಂಬಿಕೆಯ ದಾರಿ ಇರಲಿಲ್ಲ. 2014ರ ಡಿಸೆಂಬರ್‌ನಲ್ಲಿ ನೂರ್ ಶ್ರೀಧರ್ ಮತ್ತು ಸಿರಿಮನೆ ನಾಗರಾಜ್ ಚಿಕ್ಕಮಗಳೂರಿನಲ್ಲಿ ಹೊರಬಂದು ಆ ದಾರಿಯಲ್ಲಿ ನಡೆದು ತೋರಿಸಿದರು. ಗೌರಿ ಲಂಕೇಶ್ ಅದಕ್ಕಾಗಿ ಓಡಾಡಿದ್ದರು. ಹತ್ತು ವರ್ಷದ ಮೇಲೆ ಆರು ಜನ ಹೊರಬರುವಾಗ ಮಧ್ಯೆ ನಿಂತವರಲ್ಲಿ ಹಿಂದೆ ಕಾಡಿನಲ್ಲಿದ್ದವರೂ ಇದ್ದರು. ವಿಕ್ರಂ ಗೌಡನ ಸಾವು ಬೆನ್ನಿಗೆ ಭಯ ಹುಟ್ಟಿಸಿರಬಹುದು, ಅದನ್ನು ನಾನು ಅಲ್ಲಗಳೆಯಲ್ಲ. ಎದುರಿಗೆ ಬಾಗಿಲು ಇಲ್ಲದಿದ್ದರೆ ಆ ಭಯ ಅವರನ್ನು ಇನ್ನೂ ಒಳಗಿನ ಕಾಡಿಗೆ ಅಟ್ಟುತ್ತಿತ್ತು.

ಮಾವೋವಾದಿಗಳ ಪ್ರಧಾನ ಕಾರ್ಯದರ್ಶಿ ನಂಬಾಲ ಕೇಶವರಾವ್ ಅಲಿಯಾಸ್ ಬಸವರಾಜು ಸತ್ತದ್ದು 2025ರ ಮೇ 21ಕ್ಕೆ, ಅಬೂಜ್‌ಮಾಡ್‌ನಲ್ಲಿ. ವಾರಂಗಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಮನುಷ್ಯ. ನಮ್ಮ ಕಾಲೇಜಿನ ಹುಡುಗರು ಕ್ಯಾಂಪಸ್ ಇಂಟರ್‌ವ್ಯೂಗೆ ಟೈ ಕಟ್ಟಿಕೊಳ್ಳೋದು ಕಲಿಯುವ ವಯಸ್ಸಿನಲ್ಲಿ ಅವನು ಕಾಡಿನ ದಾರಿ ಹಿಡಿದಿದ್ದ. ಆ ಸಾವಿನ ನಂತರ ಅಕ್ಟೋಬರ್‌ನಲ್ಲಿ ಮಲ್ಲೋಜುಲ ವೇಣುಗೋಪಾಲ ರಾವ್ ಅರವತ್ತು ಜನರೊಂದಿಗೆ ಗಡಚಿರೋಲಿಯಲ್ಲಿ ಶಸ್ತ್ರ ಕೆಳಗಿಟ್ಟ. ಎರಡು ದಿನದ ಮೇಲೆ ಜಗದಲ್ಪುರದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಬಂದರು. ಇವರಲ್ಲಿ ಯಾರ ಮಾತಿಗೆ ಬೆಲೆಯಿತ್ತು ಎಂಬುದನ್ನು ಗಮನಿಸಿ. ಜೀವಂತ ಉಳಿದ ನಾಯಕ ‘ಸಾಕು’ ಅಂದ ಮೇಲೆ ಹಿಂದಿದ್ದವರು ಸಾಲಾಗಿ ಬಂದರು.

ಹಾಗಾಗಿ ಮುಂದಿನ ಸಲ ಯಾವುದೋ ಕಾಡಿನಲ್ಲಿ, ಗಡಿಯಾಚೆ, ಯಾವನೋ ಕಮಾಂಡರ್ ಸತ್ತ ಸುದ್ದಿ ಬಂದಾಗ ನಾನು ವರದಿಗಾರರಿಗೆ ಕೇಳುವುದು ಸತ್ತವನ ತಲೆಗೆ ಎಷ್ಟು ಲಕ್ಷ ಬಹುಮಾನ ಇತ್ತು ಅಂತಲ್ಲ. ಕಳೆದ ವರ್ಷ ಆ ಪಡೆಗೆ ಎಷ್ಟು ಜನ ಹೊಸದಾಗಿ ಸೇರಿದರು? ಅವರಿಗೆ ಅಕ್ಕಿ ಯಾವ ಮನೆಯಿಂದ ಬರುತ್ತೆ? ಹೊರಗೆ ಬರುವವನಿಗೆ ದಾರಿ ಇದೆಯಾ?

ಇತ್ತ ನಮ್ಮ ರಾಜ್ಯ ಸರ್ಕಾರ 2025ರಲ್ಲಿ ನಕ್ಸಲ್ ನಿಗ್ರಹ ಪಡೆಯ ಒಂದು ಭಾಗವನ್ನು ಕರಾವಳಿಯಲ್ಲಿ ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆಗೆ ಕೊಟ್ಟಿದೆ. ಕಾಡಿನ ಕೆಲಸ ಮುಗಿಯಿತು ಎಂಬುದು ಅದರ ಅರ್ಥ. ಪೊಲೀಸರ ಮಟ್ಟಿಗೆ ಮುಗಿದಿರಬಹುದು. ಕುದುರೆಮುಖದ ಒಳಗಿನ ಹಾಡಿಗಳಲ್ಲಿ ಅರಣ್ಯ ಹಕ್ಕಿನ ಅರ್ಜಿ ಹಿಡಿದು ಕೂತವರು, ರಸ್ತೆ, ಕರೆಂಟು ಕೇಳುವವರು ಇನ್ನೂ ಇದ್ದಾರೆ. ಆ ಅರಣ್ಯ ಹಕ್ಕಿನ ಅರ್ಜಿಗಳನ್ನು ವಿಲೇವಾರಿ ಮಾಡಬೇಕಾದ್ದು ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಸಮಿತಿಗಳು. ಅಲ್ಲಿಗೆ ನಮ್ಮ ಕ್ಯಾಮೆರಾ ಹೋಗುವ ದಿನ ಯಾವ ಬ್ರೇಕಿಂಗ್ ನ್ಯೂಸೂ ಇರೋದಿಲ್ಲ, ಆದರೂ ಹೋಗಬೇಕು ಅಂತ ಸಂಪಾದಕರಿಗೆ ಹೇಳಿಟ್ಟಿದ್ದೇನೆ.